ಕೂಲರ್ ಮುಂದೆ ಜಾಝ್

ಕಲಬುರಗಿಯ ಬೇಸಿಗೆಯಲ್ಲಿ ತಣ್ಣಗೆ ಕೂರಬಹುದು, ಇಲ್ಲವೇ ಅಮೆರಿಕದ ಜಾಝ್ ಸಂಗೀತ ಕೇಳಬಹುದು. ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ಮಾಡ್ತೀನಿ ಅಂತ ಹೊರಟರೆ ನನಗೆ ಬಂದ ಗತಿಯೇ ಬರುತ್ತದೆ.

ನಮ್ಮದು ಕಿಟಕಿಗೆ ಆತು ನಿಂತಿರುವ ತಗಡಿನ ಕೂಲರ್. ಮೂರು ಕಡೆ ಹುಲ್ಲು, ನಡುವೆ ದೊಡ್ಡ ಫ್ಯಾನು, ಕೆಳಗೆ ನೀರು ಎತ್ತುವ ಸಣ್ಣ ಪಂಪು. ಬೋರಿನ ನೀರು ಎಷ್ಟು ಗಡಸು ಅಂದರೆ, ಮಾರ್ಚ್‌ನಲ್ಲಿ ಹಾಕಿಸಿದ ಹೊಸ ಹುಲ್ಲು ಏಪ್ರಿಲ್ ಮುಗಿಯೋದರೊಳಗೆ ಬಿಳಿ ಉಪ್ಪು ಕಟ್ಟಿಕೊಂಡು ಸೆಟೆದು ನಿಂತಿರುತ್ತದೆ. ಆಮೇಲೆ ಗಾಳಿ ಕಮ್ಮಿ, ಸಪ್ಪಳ ಜಾಸ್ತಿ. ಟಿವಿಯಲ್ಲಿ ಕಿರುಚಾಡುವ ಸುದ್ದಿಯವರು ಕೂಡ ಇದರ ಮುಂದೆ ಮೂಕರು.

ಸಿನಿಮಾ ಹಾಡು ಕೇಳೋರಿಗೆ ಇದರಿಂದ ಏನೂ ತೊಂದರೆ ಇಲ್ಲ. ವಾಲ್ಯೂಮ್ ಏರಿಸಿದರೆ ಆಯ್ತು. ನನ್ನ ಪ್ರೀತಿಯ ಬಿಲ್ ಇವಾನ್ಸ್ ಹಾಗಲ್ಲ. ಪಿಯಾನೋ ಮುಂದೆ ತಲೆ ಬಗ್ಗಿಸಿ ಕೂತು, ಮನೆಯಲ್ಲಿ ಕೂಸು ಮಲಗಿದೆ ಅನ್ನೋ ಹಾಗೆ ನುಡಿಸುತ್ತಾನೆ. ಡ್ರಮ್ಸಿನ ಪಾಲ್ ಮೋಷನ್ ಕೋಲು ಬಿಟ್ಟು ಬ್ರಷ್ ಹಿಡಿದು ಚರ್ಮದ ಮೇಲೆ ಸವರುತ್ತಾನೆ. ಸ್ಕಾಟ್ ಲಫಾರೊನ ಬೇಸ್, ಅಂದರೆ ಆಳೆತ್ತರದ ಪಿಟೀಲಿನಂಥ ತಂತಿವಾದ್ಯ, ಅಂತೂ ಕೂಲರ್ ಹಚ್ಚಿದ ಕೂಡಲೇ ಕಾಣೆ. ಇಬ್ಬರದೂ ಮಂದ್ರ ಸ್ಥಾಯಿ ನೋಡಿ, ಕೂಲರ್ ಗೆಲ್ಲುತ್ತದೆ.

ನನ್ನ ಕೇಳುವ ಹೊತ್ತೂ ಅದೇ ಮಧ್ಯಾಹ್ನ. ಏಪ್ರಿಲ್, ಮೇ ಬಂದರೆ ಬಿಸಿಲಿನ ಕಾರಣಕ್ಕೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಹೊಟ್ಟೆ ಉರಿ. ಅವರಿಗೆ ನನ್ನ ಆಹ್ವಾನ ಇದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ, ಬಿಸಿಲಲ್ಲಿ ನಿಲ್ಲಿಸಿದ್ದ ಬೈಕಿನ ಸೀಟಿನ ಮೇಲೆ ಕೂತು ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್ ತನಕ ಹೋಗಿ ಬನ್ನಿ. ಹೊಟ್ಟೆ ಬಿಟ್ಟು ಬೇರೆ ಕಡೆ ಉರಿಯುತ್ತದೆ.

ಮನೆಗೆ ಬಂದು, ರೊಟ್ಟಿ, ಪುಂಡಿಪಲ್ಯ, ಮೇಲೊಂದು ತಂಬಿಗೆ ಮಜ್ಜಿಗೆ ಮುಗಿಸಿ, ಕೂಲರ್ ಮುಂದೆ ಚಾಪೆ ಹಾಸಿ ಸ್ಪೀಕರ್ ಹಚ್ಚುತ್ತೇನೆ. ಏನೂ ಕೇಳೋದಿಲ್ಲ. ಇವಾನ್ಸ್ ನುಡಿಸುತ್ತಿದ್ದಾನೆ ಅನ್ನೋದನ್ನು ನಂಬಿಕೆಯ ಮೇಲೆ ಒಪ್ಪಿಕೊಂಡು ಮಲಗಬೇಕು. ಆಗ ಕರೆಂಟ್ ಹೋಗುತ್ತದೆ. ಕೂಲರ್ ನಿಲ್ಲುತ್ತದೆ. ಸ್ಪೀಕರ್ ಬ್ಯಾಟರಿಯದು, ಅದು ನಿಲ್ಲೋದಿಲ್ಲ. ಇದ್ದಕ್ಕಿದ್ದಂತೆ ಬೇಸಿನ ಒಂದೊಂದು ತಂತಿ, ಬ್ರಷ್ಷಿನ ಒಂದೊಂದು ಎಳೆ ಕೇಳಲು ಶುರು. ಹೆಂಡತಿ "ಅಯ್ಯೋ" ಅಂತಾಳೆ, ನಾನು "ಆಹಾ" ಅಂತೀನಿ. ಇಂಥ ಹೊತ್ತಲ್ಲಿ ಆಹಾ ಅನ್ನುವ ಗಂಡನನ್ನು ಆಕೆ ಹೇಗೆ ನೋಡಬೇಕೋ ಹಾಗೇ ನೋಡುತ್ತಾಳೆ. ಹತ್ತು ನಿಮಿಷದಲ್ಲಿ ಬನಿಯನ್ ಹಿಂಡುವ ಹಾಗಾಗಿ ನನ್ನ ಬಾಯಲ್ಲೂ ಅಯ್ಯೋ ಬರುತ್ತದೆ. ಕರೆಂಟ್ ಬರುತ್ತದೆ. ಇವಾನ್ಸ್ ಹೋಗುತ್ತಾನೆ.

ಹೆಡ್‌ಫೋನ್ ಹಾಕ್ಕೊಳ್ಳಿ ಅಂತ ಸಲಹೆ ಕೊಡುವವರು ದಯವಿಟ್ಟು ಇಲ್ಲಿಗೆ ಬಂದು ಕೊಡಿ. ಅರ್ಧ ಗಂಟೆಯಲ್ಲಿ ಕಿವಿ ತುಂಬ ಬೆವರು. ಹೆಡ್‌ಫೋನಿನ ಕರಿ ಕುಶನ್ ಬಿಸಿಲಿಗೆ ಸುಲಿದು, ಚೂರು ಚೂರಾಗಿ ಕೆನ್ನೆಗೆ ಅಂಟಿಕೊಳ್ಳುತ್ತದೆ. ಒಮ್ಮೆ ಹಾಗೇ ಹೋಗಿ ಬಾಗಿಲು ತೆಗೆದೆ. ಪಾರ್ಸೆಲ್ ತಂದ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು "ಸರ್, ಮಾರಿಗಿ ಏನಾಗ್ಯಾದ್ರಿ?" ಅಂದ.

ಇಷ್ಟೆಲ್ಲ ಹೇಗೋ ತಡೆದುಕೊಳ್ಳಬಹುದು. ಆದರೆ ಕೂಲರ್ ಮುಂದೆ ನಾನೊಬ್ಬನೇ ಇರೋದಿಲ್ಲ. ಮೇಲಿನ ಮನೆಯ ಛತ್ತು ಕಾದು ಹೆಂಚಾಗೋದರಿಂದ, ಮಧ್ಯಾಹ್ನ ಊಟ ಆದ ಕೂಡಲೇ ನಮ್ಮ ಕಾಕಾ ದಿಂಬು ಹಿಡಿದುಕೊಂಡು ಕೆಳಗೆ ಬರುತ್ತಾರೆ. ಕಾಕಾ ಅಂದರೆ ಸಾಮಾನ್ಯ ಅಲ್ಲ. ಸೋಮವಾರದ ಭಜನೆಯಲ್ಲಿ ಇವತ್ತಿಗೂ ತಬಲಾ ಅವರದೇ. ತತ್ವಪದ ಹಾಡೋರು ಎಲ್ಲೇ ಜಾರಲಿ, ಎಳೆದುಕೊಂಡು ಬಂದು ಸಮಕ್ಕೆ ನಿಲ್ಲಿಸುತ್ತಾರೆ. ತಾಳದ ವಿಷಯದಲ್ಲಿ ಅವರ ಜೊತೆ ವಾದ ಮಾಡೋಕೆ ನನಗೆ ಧೈರ್ಯ ಇಲ್ಲ. ಅದೇ ನನ್ನ ಕಷ್ಟ.

ಮೊದಲ ದಿನ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಹಾಡೋರು ಯಾವಾಗ ಬರ್ತಾರ ತಮ್ಮಾ?"

"ಇದರಾಗ ಹಾಡೋರು ಇಲ್ರಿ ಕಾಕಾ."

"ಮತ್ತ ಇವರೆಲ್ಲಾ ಯಾರಿಗಿ ಕಾಯಕತ್ಯಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಟ್ರಂಪೆಟ್ ಊದುವ ಮೈಲ್ಸ್ ಡೇವಿಸ್ 1959ರಲ್ಲಿ ಮಾಡಿದ 'ಕೈಂಡ್ ಆಫ್ ಬ್ಲೂ' ರೆಕಾರ್ಡ್ ಹಚ್ಚಿ ನೋಡಿದೆ. ಅದರ ಮೊದಲ ರಚನೆಯಲ್ಲಿ ಪಾಲ್ ಚೇಂಬರ್ಸ್ ಬೇಸಿನಲ್ಲಿ ಒಂದು ಮಾತು ಹೇಳುತ್ತಾನೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಕಾಕಾ ಎದ್ದು ಕೂತರು. "ಇದು ತಿಳೀತು. ಒಬ್ಬಾಂವ ಹೇಳ್ತಾನ, ಎಲ್ಲಾರೂ ಹೌದ್ರಿ ಅಂತಾರ." ಅಮೆರಿಕದವರು ಆ ಎರಡು ಸ್ವರಕ್ಕೆ ಹಾಕಿದ ಹೆಸರು 'ಸೋ ವಾಟ್'. ನನಗೆ ಕಾಕಾನ 'ಹೌದ್ರಿ'ಯೇ ವಾಸಿ ಅನ್ನಿಸಿತು. ಈಗ ಆ ರೆಕಾರ್ಡ್ ಹಚ್ಚಿದರೆ ಟ್ರಂಪೆಟ್ಟೂ ಸ್ಯಾಕ್ಸಫೋನೂ ಕೂಡಿ ಹೌದ್ರಿ, ಹೌದ್ರಿ ಅಂತಲೇ ಕೇಳಿಸುತ್ತದೆ. ಒಳ್ಳೆಯ ರೆಕಾರ್ಡೊಂದು ಪಂಚಾಯಿತಿ ಸಭೆ ಆಗಿಹೋಯಿತು.

ಇನ್ನೊಂದು ದಿನ ಕರೆಂಟ್ ಹೋಗಿದ್ದಾಗ ಇವಾನ್ಸ್ ನಡೆಯುತ್ತಿತ್ತು. ಕಾಕಾ ಕಣ್ಣು ಮುಚ್ಚಿಕೊಂಡೇ ಒಳಗೆ ಕೂಗಿದರು, "ಕಪ್ಪುಬಸಿ ಸಪ್ಪಳ ಆಯ್ತಲ್ಲ. ಚಹಾ ಮಾಡೀಯೇನವ್ವಾ?"

"ಇಲ್ರಿ ಕಾಕಾರ, ಇನ್ನಾ ಒಲಿ ಸೈತ ಹಚ್ಚಿಲ್ಲ."

"ಸುಳ್ಳ್ಯಾಕ ಹೇಳ್ತಿ? ಈಗ ಮತ್ತೊಮ್ಮಿ ಕೇಳಸ್ತು."

ಅವರ ಕಿವಿ ತಪ್ಪಿರಲಿಲ್ಲ. ಅದು 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಮಾಡಿದ ರೆಕಾರ್ಡಿಂಗ್. ಮಧ್ಯಾಹ್ನ, ಸಂಜೆ ಸೇರಿ ಐದು ಸುತ್ತು ನುಡಿಸಿದರು. ಬಂದವರು ಕುಡೀತಾ, ಹರಟುತ್ತಾ, ನಗುತ್ತಾ ಇದ್ದರು. ಆ ಗ್ಲಾಸುಗಳ ಸಪ್ಪಳ ಎಲ್ಲ ಹಾಗೇ ಉಳಿದಿದೆ. ನುಡಿಸುತ್ತಿದ್ದ ಮೂವರು ಯಾರಿಗೂ ಬಾಯಿ ಮುಚ್ಚಿ ಅನ್ನಲಿಲ್ಲ. ಅದಾಗಿ 11ನೇ ದಿನ, ಜುಲೈ 6ರಂದು, ಬೇಸಿನ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. 25 ವರ್ಷದ ಹುಡುಗ. ಇವಾನ್ಸ್ ಆಮೇಲೆ ಎಷ್ಟೋ ತಿಂಗಳು ಸರಿಯಾಗಿ ಪಿಯಾನೋ ಮುಟ್ಟಲಿಲ್ಲ. ಅವತ್ತು ಬೆನ್ನು ತಿರುಗಿಸಿಕೊಂಡು ಹರಟುತ್ತಿದ್ದವರಲ್ಲಿ ಯಾರಿಗಾದರೂ ಆಮೇಲೆ ಚುರ್ ಅಂದಿರಬಹುದಾ ಅಂತ ಯೋಚನೆ ಬರುತ್ತದೆ.

ನನಗೆ ಈ ರೆಕಾರ್ಡ್ ಮೊದಲು ಕೇಳಿಸಿದವನು ಹಾಸ್ಟೆಲಿನ ಗೆಳೆಯ. ಹೈದರಾಬಾದಿಗೆ ಹೋದಾಗ ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಸಂತೆಯಲ್ಲಿ ಹಳೇ ಪುಸ್ತಕಗಳ ನಡುವೆ ಕ್ಯಾಸೆಟ್ ಸಿಕ್ಕಿತ್ತು. ಒಂದು ಕಡೆ ಇವಾನ್ಸ್, ಇನ್ನೊಂದು ಕಡೆ ಯಾರೋ ತುಂಬಿಸಿಕೊಂಡಿದ್ದ ಕವ್ವಾಲಿ. ಟೇಪ್ ತಿರುಗಿಸುವಾಗ ಯಾವುದು ಬರುತ್ತೋ ಅಂತ ಕಾಯುತ್ತಿದ್ದೆವು, ಯಾವುದು ಬಂದರೂ ಕೇಳುತ್ತಿದ್ದೆವು. ಈಗ ಅವನು ದೂರದ ದೇಶದಲ್ಲಿ, ಸಪ್ಪಳವೇ ಇಲ್ಲದ ಮನೆಯಲ್ಲಿದ್ದಾನೆ. ಒಬ್ಬನೇ ಕೇಳ್ತೀನಿ, ಮಜಾ ಬರಲ್ಲ ಅಂತ ಮೆಸೇಜ್ ಹಾಕುತ್ತಾನೆ. ನನಗೆ ಕಾಕಾ ಇದ್ದಾರೆ. ಬೇಕಾದರೆ ಕಳಿಸಿಕೊಡ್ತೀನಿ ಅಂತ ಬರೆದಿದ್ದೇನೆ.

ಊರಿಗೇ ಒಂದು ದೂರು ಹೇಳಬೇಕು. ಮುಂಬೈನಿಂದ ಚೆನ್ನೈಗೆ ಹೋಗುವ ರೈಲಿನ ಹಳಿ ನಮ್ಮೂರಿನ ಮೇಲೇ ಹಾದುಹೋಗುತ್ತದೆ. 1935ರಲ್ಲೇ ಲಿಯಾನ್ ಆಬಿಯ ತಂಡ ಅಮೆರಿಕದವರ ಜಾಝನ್ನು ಬಾಂಬೆಯ ತಾಜ್ ಹೋಟೆಲಿಗೆ ತಂದಿತ್ತು. 1958ರಲ್ಲಿ ಅಮೆರಿಕದ ಜಾಝ್ ಪಿಯಾನೋದವನು ಡೇವ್ ಬ್ರೂಬೆಕ್ ಬಾಂಬೆಗೂ ಬಂದ, ಮದ್ರಾಸಿಗೂ ಬಂದ. ನಡುವೆ ಇದ್ದ ಗುಲಬರ್ಗಾ ಯಾರ ಕಣ್ಣಿಗೂ ಬೀಳಲಿಲ್ಲ. ಇಲ್ಲಿ ಜಾಝ್ ಅಂದರೆ ಕಚೇರಿಯಲ್ಲಿ ಕೇಳುತ್ತಾರೆ, "ಕದ್ರಿ ಗೋಪಾಲನಾಥ್ ಊದತಿದ್ರಲ್ಲ, ಅದೇನ್ರಿ?" ಅರ್ಧ ಹೌದು ಅಂತೀನಿ. ಅವರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ಸ್ಯಾಕ್ಸಫೋನ್ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂದಿದೆ, ಅದು ಜಾಝೇ. ಅಷ್ಟರಲ್ಲಿ ಕೇಳಿದವರು ಚಹಾಕ್ಕೆ ಎದ್ದು ಹೋಗಿರುತ್ತಾರೆ.

ಕಾಕಾನ ವಿಷಯಕ್ಕೆ ಬರೋಣ. ಈ ಏಪ್ರಿಲ್‌ನಲ್ಲಿ ಅವರಿಗೆ ಜಾಝ್ ರುಚಿ ಹತ್ತಿತು. ತಾವಾಗಿಯೇ "ಆ ಡೆಬ್ಬಿ ಹಚ್ಚು" ಅನ್ನತೊಡಗಿದರು. 'ವಾಲ್ಟ್ಸ್ ಫಾರ್ ಡೆಬ್ಬಿ' ಇವಾನ್ಸ್ ತನ್ನ ಅಣ್ಣನ ಮಗಳಿಗಾಗಿ ಕಟ್ಟಿದ್ದು. ಕಾಕಾ ತೊಡೆಯ ಮೇಲೆ ಬೆರಳು ಆಡಿಸುತ್ತಾ, ತಲೆ ತೂಗುತ್ತಾ, "ತಬಲಾದಂವ ಏನ್ ಛಂದ ದಾದ್ರಾ ಹಿಡದಾನ! ಕೂದಲೆಳಿಯಷ್ಟು ಆಚೀಚಿ ಹೋಗವಲ್ಲ" ಅಂದರು. ನನಗೆ ಹಿಗ್ಗೋ ಹಿಗ್ಗು. ಕೊನೆಗೂ ಮನೆಯಲ್ಲಿ ಒಬ್ಬರಿಗಾದರೂ ಪಾಲ್ ಮೋಷನ್ ಅರ್ಥವಾದ! ಹೆಂಡತಿಗೂ ಹೇಳಿದೆ. ಗೆಳೆಯನಿಗೂ ಬರೆದೆ.

ಒಂದೇ ಒಂದು ಅನುಮಾನ ಕಾಡುತ್ತಿತ್ತು. ಆ ರಚನೆ ಮೂರರ ಲಯದಲ್ಲಿ ಶುರುವಾಗಿ ಆಮೇಲೆ ನಾಲ್ಕಕ್ಕೆ ತಿರುಗುತ್ತದೆ. ಕಾಕಾ ಮಾತ್ರ ತಿರುಗುತ್ತಿರಲಿಲ್ಲ. ಮೂರು-ಮೂರರ ದಾದ್ರಾ ತಾಳದಲ್ಲೇ ಕೂತು, ಮುಖ ಗಂಟು ಹಾಕಿ, "ಇಲ್ಲಿ ಬಂದ್ರ ಪೇಟಿಯಂವ ದಾರಿ ತಪ್ಪತಾನ. ಪಾಪ, ತಬಲಾದಂವ ಒಬ್ಬನ ಸಂಭಾಳಸಕತ್ಯಾನ" ಅನ್ನುತ್ತಿದ್ದರು. ಬಿಲ್ ಇವಾನ್ಸ್ ಪೇಟಿಯವನು, ಅಂದರೆ ಹಾರ್ಮೋನಿಯಂನವನು, ಆದದ್ದಕ್ಕೆ ನನಗೆ ಬೇಜಾರಿಲ್ಲ. ದಾರಿ ತಪ್ಪಿದ ಅಂದದ್ದಕ್ಕೆ ಸ್ವಲ್ಪ ನೋವಾಯ್ತು.

ಇದರ ನಡುವೆ ಕೂಲರ್ ರಿಪೇರಿಗೆ ಬಂತು. ಹಿಂದಿನ ತಗಡಿನ ಬಾಗಿಲಿನ ಕೊಂಡಿ ಸಡಿಲಾಗಿ, ಫ್ಯಾನು ನಡುಗಿದಾಗಲೆಲ್ಲ ಟಕ್ಕ-ಟಕ, ಟಕ್ಕ-ಟಕ ಅನ್ನುತ್ತಿತ್ತು. ಮೊನ್ನೆ ಮೆಕ್ಯಾನಿಕ್ ಬಂದು ಕೊಂಡಿಗೆ ರಬ್ಬರ್ ತುಂಡು ಕೊಟ್ಟು, ಸ್ಕ್ರೂ ಬಿಗಿದು, ಬೇರಿಂಗಿಗೆ ಎಣ್ಣೆ ಬಿಟ್ಟು, ಹುಲ್ಲು ಬದಲಿಸಿ ಹೋದ. ಮನೆಗೆ ಹೊಸ ಕಿವಿ ಬಂದ ಹಾಗಾಯ್ತು. ಮಧ್ಯಾಹ್ನ ಖುಷಿಯಿಂದ ಡೆಬ್ಬಿ ಹಚ್ಚಿದೆ. ಕಾಕಾ ತೊಡೆಯ ಮೇಲೆ ಬೆರಳಿಟ್ಟು ಕಾದರು. ಇನ್ನೂ ಸ್ವಲ್ಪ ಕಾದರು. ಕಣ್ಣು ತೆರೆದರು.

"ಇವತ್ತು ತಬಲಾದಂವ ಬಂದಿಲ್ಲೇನು?"

ಆಗ ನನ್ನ ತಲೆಗೆ ಹೊಳೆಯಿತು. ಇಷ್ಟು ದಿನ ಕಾಕಾ ಶಹಬ್ಬಾಸ್ ಅಂದದ್ದು ಪಾಲ್ ಮೋಷನ್‌ಗಲ್ಲ, ಕೊಂಡಿಗೆ. ಮೆಲ್ಲಗೆ ವಿವರಿಸಿದೆ. ಕಾಕಾ ಕೂಲರನ್ನು ನೋಡಿದರು, ನನ್ನನ್ನು ನೋಡಿದರು. "ನನಗ ತಾಳ ಹೇಳಿಕೊಡ್ತಿಯೇನು? ತಗಡಿಗಿ ಅಷ್ಟು ಛಂದ ಬಾರಸಾಕ ಬರ್ತದೇನು?" ಅಂದು ಮಗ್ಗುಲಾದರು. ಒಳಗೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಸಂಜೆ ಸಮಾಧಾನ ಮಾಡೋಣ ಅಂತ ಅಮೆರಿಕದ ದೊಡ್ಡ ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ ಕಥೆ ಹೇಳಿದೆ. 1963ರಲ್ಲಿ ಅವನ ತಂಡ ನಮ್ಮ ದೇಶಕ್ಕೆ ಬಂದಿತ್ತು. ದೆಹಲಿಯಲ್ಲಿ ಒಂದು ಮೈನಾ ಹಕ್ಕಿಯ ಕೂಗು ಅವರ ಕಿವಿಗೆ ಬಿತ್ತು. ಅದೇ ಕೂಗು ಕ್ಲಾರಿನೆಟ್ಟಿಗೆ ಹತ್ತಿ 'ಬ್ಲೂಬರ್ಡ್ ಆಫ್ ಡೆಲ್ಲಿ' ಆಯಿತು, 1967ರಲ್ಲಿ ಬಂದ 'ಫಾರ್ ಈಸ್ಟ್ ಸೂಟ್'ನಲ್ಲಿ ಸೇರಿತು. ಮೇ ತಿಂಗಳಲ್ಲಿ ಇಲ್ಲಿಗೆ ಬಂದಿದ್ದರೆ ಅವರಿಗೆ ಕೂಲರ್ ಸಿಗುತ್ತಿತ್ತು ಅಂತ ನಗಿಸೋಕೆ ನೋಡಿದೆ. ಕಾಕಾ ನಗಲಿಲ್ಲ. ಯೋಚನೆಗೆ ಬಿದ್ದರು.

ಇವತ್ತು ಬೆಳಿಗ್ಗೆಯಿಂದ ಪಂಪು ಗೊರ್ ಅನ್ನುತ್ತಿದೆ. ಅದೂ ಬೇಸಿನ ಜಾಗಕ್ಕೇ ಬಂದು ಕೂತಿದೆ. ನಾಳೆ ಬಾ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವನಂದ, "ಮುಂಜಾನಿನ ಕಾಕಾ ಫೋನ್ ಮಾಡ್ಯಾರ್ರಿ ಸರ್. ಪಂಪ್ ಮುಟ್ಟು, ಆದ್ರ ಹಿಂದಿನ ಕೊಂಡಿ ರಬ್ಬರ್ ತಗದು ಹೋಗು ಅಂದಾರ. ಏನ್ ಮಾಡ್ಲಿರಿ?"

ಪಂಪು ಸರಿಮಾಡು, ಕೊಂಡಿದು ನೀನೂ ಕಾಕಾನೂ ನೋಡಿಕೊಳ್ರಿ ಅಂದೆ.