ಪ್ಯಾಟೆಯೋ, ಹಳ್ಳಿಯೋ

ಬೆಂಗಳೂರಿನಿಂದ ರಜೆಗೆ ಬಂದ ಮಗ ಮನೆ ಮುಂದೆ ನಿಂತು, "ಅಪ್ಪ, ಇಲ್ಲೊಂದು ಪ್ಯಾಟಿಯೋ ಮಾಡಿಸೋಣ" ಎಂದ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅವ್ವ ತಲೆ ಎತ್ತಿದಳು. "ಪ್ಯಾಟೆಯೋ ಹಳ್ಳಿಯೋ, ಮೊದ್ಲು ಅದನ್ನ ಸರಿಯಾಗಿ ಹೇಳು ಮಗ."

ಪ್ಯಾಟಿಯೋ ಅಂದರೆ ಮನೆಗೆ ಅಂಟಿಕೊಂಡಿರುವ, ಕುರ್ಚಿ ಹಾಕಿಕೊಂಡು ಕೂರುವ ಅಂಗಳ. ಅಂಗಳ ನಮಗೆ ಇತ್ತು. ಆದರೆ ಮಣ್ಣಿನದು. ಹಬ್ಬಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕುತ್ತಿದ್ದೆವು, ಮಳೆಗಾಲದಲ್ಲಿ ಅದೇ ಕೆಸರನ್ನು ಒಳಮನೆವರೆಗೆ ತುಳಿದು ತರುತ್ತಿದ್ದೆವು. ಮಗ ಫೋನಿನಲ್ಲಿ ಚಿತ್ರ ತೋರಿಸಿದ. ಚಪ್ಪಡಿ ಜೋಡಿಸಿದಂಥ ನೆಲ, ನೋಡೋಕೆ ಚೆಂದವೇ. "ಇದು ಕಲ್ಲಲ್ಲಪ್ಪ, ಕಾಂಕ್ರೀಟು. ಹಸಿ ಇರುವಾಗಲೇ ಅಚ್ಚು ಒತ್ತುತ್ತಾರೆ."

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಗಿಡ ನೆಡೋಕೆ ಗುಂಡಿ ತೆಗೆದರೆ ಮಣ್ಣಿಗಿಂತ ಮೊದಲು ಕಲ್ಲು ಸಿಗುತ್ತದೆ. ಅಂಥ ಜಾಗದಲ್ಲಿ ಕಲ್ಲಿನ ಹಾಗೆ ಕಾಣೋಕೆ ದುಡ್ಡು ಕೊಡಬೇಕಾ? ಕೇಳಿದೆ. ಚಪ್ಪಡಿ ಕೊಯ್ಸಿ, ಸಾಗಿಸಿ, ಮಟ್ಟ ಮಾಡಿ ಕೂರಿಸುವ ಕೂಲಿ ಲೆಕ್ಕ ಹಾಕಿ ತೋರಿಸಿದ. ನಾನು ಬಾಯಿ ಮುಚ್ಚಿಕೊಂಡೆ.

ಅಚ್ಚು ಒತ್ತುವ ಈ ವಿದ್ಯೆ ಅಮೆರಿಕದ್ದು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ರ್ಯಾಡ್ ಬೋಮನ್ ಎಂಬಾತ ಇದನ್ನು ರೂಢಿಗೆ ತಂದನಂತೆ. ಆಗ ಲೋಹದ ಅಚ್ಚು, ಈಗ ರಬ್ಬರಿನ ಹಾಗೆ ಬಾಗುವ ಪಾಲಿಯುರೆಥೇನ್ ಚಾಪೆ. ಆ ಚಾಪೆಯನ್ನು ನಿಜವಾದ ಕಲ್ಲಿನಿಂದಲೇ ಅಚ್ಚು ತೆಗೆದು ಮಾಡುತ್ತಾರೆ. ಯಾವ ಸೀಮೆಯ ಕಲ್ಲೋ ಏನೋ, ಅದರ ಜೆರಾಕ್ಸ್ ಕಾಪಿ ಈಗ ನಮ್ಮಂಗಳದಲ್ಲಿ ಬಿದ್ದುಕೊಂಡಿದೆ.

ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಗೆ ಕೆಲಸ ಶುರುವಾಯಿತು. ಮಣ್ಣು ಅಗೆದರು, ಜಲ್ಲಿ ಹಾಕಿ ದಮ್ಮಸು ಮಾಡಿದರು, ಕಂಬಿ ಜಾಲರಿ ಹಾಸಿದರು. ನೀರು ಮನೆ ಕಡೆ ಬರದ ಹಾಗೆ ನಾಲ್ಕು ಅಡಿಗೆ ಒಂದು ಇಂಚು ವಾಟ ಕೊಟ್ಟರು. ನಾಲ್ಕಿಂಚು ದಪ್ಪ ಕಾಂಕ್ರೀಟ್ ಸುರಿದು, ಮಟ್ಟಗೋಲು ಎಳೆದು, ಮೇಲೆ ಬಣ್ಣದ ಪುಡಿಯನ್ನು ಕೋಳಿಗೆ ಕಾಳು ಎರಚಿದಂತೆ ಎರಚಿ ಕರಣೆಯಲ್ಲಿ ತಿಕ್ಕಿದರು. ಆಮೇಲೆ ಇನ್ನೊಂದು ಪುಡಿ, ಚಾಪೆ ಅಂಟದಿರಲಿ ಅಂತ. ಇದು ಸಂದುಗಳಲ್ಲಿ ಸ್ವಲ್ಪ ಉಳಿದುಕೊಂಡು ಹಳೇ ಕಲ್ಲಿನ ಕಪ್ಪು ಕೊಡುತ್ತದೆ. ಹಬ್ಬದ ಹೋಳಿಗೆಗೆ ಕಣಕ ಅಂಟದಿರಲಿ ಅಂತ ಹಾಕುವ ಎಣ್ಣೆಯ ಥರ, ಅಷ್ಟೇ.

ಇಲ್ಲಿವರೆಗೆ ಎಲ್ಲರೂ ಕೈಕಾಲು ಆಡಿಸುತ್ತಿದ್ದರು. ಆಮೇಲೆ ಎಲ್ಲರೂ ಸುಮ್ನೆ ಕೂತರು. ಮೇಸ್ತ್ರಿ ಮಾತ್ರ ಹತ್ತತ್ತು ನಿಮಿಷಕ್ಕೊಮ್ಮೆ ಬಗ್ಗಿ ಬೆರಳು ಒತ್ತಿ ನೋಡುತ್ತಿದ್ದ. ಬೇಗ ಒತ್ತಿದರೆ ಚಾಪೆ ಹೂತುಹೋಗುತ್ತದೆ, ತಡವಾದರೆ ಗುರುತೇ ಮೂಡುವುದಿಲ್ಲ. ಕಾಲಿಂಚು ಇಳಿದು ಬೆರಳಿನ ಗುರುತು ಹಾಗೇ ನಿಂತರೆ ಸರಿಯಾದ ಹೊತ್ತು. ಅಷ್ಟರಲ್ಲಿ ಅವ್ವ ಜಗಲಿ ಇಳಿದು ಬಂದಳು. ಪ್ಯಾಟಿಯೋ ಅರ್ಥವಾಗದಿದ್ದರೇನು, ಹದ ಅನ್ನೋದು ಅವಳದೇ ಇಲಾಖೆ. ಐವತ್ತು ವರ್ಷ ಬೆಲ್ಲದ ಪಾಕ ನೋಡಿದ ಬೆರಳು. ತಾನೂ ಒತ್ತಿ ನೋಡಿ, "ಇನ್ನೂ ಎಳೇದು ಕಣಯ್ಯ" ಎಂದಳು. ಮೇಸ್ತ್ರಿ ತಲೆ ಆಡಿಸಿ ಮತ್ತೊಂದು ಬೀಡಿ ಹಚ್ಚಿದ. ಆಮೇಲೆ ಚಾಪೆ ಹಾಸಿ, ಹತ್ತಿ ನಿಂತು, ಗುದ್ದುಗೋಲಿನಲ್ಲಿ ಗುದ್ದಿ, ಎಬ್ಬಿಸಿ, ಪಕ್ಕಕ್ಕೆ ಜೋಡಿಸಿ ಮತ್ತೆ ಗುದ್ದಿ, ಹೊತ್ತು ಮುಳುಗುವ ಮೊದಲು ಅಂಗಳ ಕಲ್ಲಾಯಿತು.

ಹಾಗಂದುಕೊಂಡು ಕಾಫಿ ಕುಡಿಯೋಕೆ ಕೂತರೆ ಗುಡುಗು.

ಕಾಫಿ ಬೆಳೆಗಾರನಿಗೆ ಹೂಮಳೆ ಅಂದರೆ ದೇವರು. ರೊಬಸ್ಟಾ ಜಾತಿಯ ಕಾಫಿಗೆ ಈ ಹೊತ್ತಲ್ಲಿ ಒಂದಿಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ, ಮುಂದಿನ ವರ್ಷದ ಅನ್ನ. ಪಕ್ಕದ ತೋಟದವರು ಫೋನ್ ಮಾಡಿ "ಬಂತು ಕಣಯ್ಯ!" ಅಂತ ಕೂಗುತ್ತಿದ್ದರೆ, ನಾನು ಜೀವಮಾನದಲ್ಲಿ ಮೊದಲ ಸಲ ಹೂಮಳೆಗೆ ಬೈಯುತ್ತಾ, ಕಾಫಿ ಮುಚ್ಚುವ ಟಾರ್ಪಾಲು ಹೊತ್ತು ಓಡುತ್ತಿದ್ದೆ. ಒಂದು ಮೂಲೆಗೆ ಟಾರ್ಪಾಲು ಸಾಲಲಿಲ್ಲ. ಅಲ್ಲಿ ಹನಿ ಬಿದ್ದು ಸಿಡುಬಿನ ಕಲೆಯಂತೆ ಗುಳಿ ಗುಳಿ. ಮೇಸ್ತ್ರಿ ಬೆಳಿಗ್ಗೆ ಬಂದು ನೋಡಿ, "ನ್ಯಾಚುರಲ್ ಲುಕ್ ಬಂದಿದೆ ಬಿಡಿ ಸಾರ್" ಎಂದ. ಬೈಯೋಣ ಅಂದುಕೊಂಡೆ. ಆದರೆ ಇವತ್ತಿಗೂ ಇಡೀ ಅಂಗಳದಲ್ಲಿ ನಿಜವಾದ ಕಲ್ಲಿನ ಹಾಗೆ ಕಾಣೋದು ಆ ಮೂಲೆ ಒಂದೇ.

ನಮ್ಮಿಂದ ಬೇಲೂರು ದೂರವೇನಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಅಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆಯಿತು. ಆ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದು ಬರುಬರುತ್ತಾ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಅವರಿಗೂ ಹದದ ಚಿಂತೆ ಇತ್ತು ಅನ್ನಿ. ಆದರೆ ಅವರು ಕಲ್ಲಿನಲ್ಲಿ ಬಳೆ, ಸರ, ಜಡೆ, ಬಳ್ಳಿ ಎಲ್ಲ ಮಾಡಿದರು. ಕಲ್ಲು ಕಲ್ಲಿನಂತೆ ಕಾಣಬಾರದು ಅನ್ನೋದೇ ಅವರ ಹಟ. ನಾವು ಸಿಮೆಂಟಿನಲ್ಲಿ ಬರೀ ಕಲ್ಲು ಮಾಡಿ ಫೋಟೋ ಹೊಡೆದುಕೊಂಡೆವು.

ನಾಲ್ಕು ವಾರ ಬಿಟ್ಟು ಸೀಲರ್, ಅಂದರೆ ನೀರು ಇಳಿಯದ ಹಾಗೆ ಕಾಯುವ ಲೇಪ, ಬಳಿದರು. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕಂತೆ. ಸಗಣಿಯನ್ನು ಹಬ್ಬಹಬ್ಬಕ್ಕೂ ಸಾರಿಸುತ್ತಿದ್ದೆವಲ್ಲ, ಆ ಲೆಕ್ಕಕ್ಕೆ ಇದು ಸಲೀಸು. ಮಳೆಗಾಲದಲ್ಲಿ ಪಾಚಿ ಕಟ್ಟಿ ನಾನೇ ಒಮ್ಮೆ ಜಾರಿ ಬಿದ್ದೆ. ಸೀಲರ್‌ಗೆ ಜಾರದ ಪುಡಿ ಬೆರೆಸಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಬುದ್ಧಿ ಜಾಸ್ತಿ ಬರುತ್ತದೆ.

ಅಸಲಿ ಪರೀಕ್ಷೆ ಕಾಳುಮೆಣಸಿನ ಕಾಲದಲ್ಲಿ. ಕೆಳಗೆ ಕಾಫಿ ಕಣ ಇದೆ, ಆದರೆ ಮೆಣಸಿಗೆ ರೇಟು ಇರುವಾಗ ಅವ್ವ ಅದನ್ನು ಕಣ್ಣೆದುರೇ ಒಣಗಿಸುವುದು. ಚಾಪೆ ತಾರ್ಪಾಲು ಏನೂ ಹಾಸದೆ ಸೀದಾ ಪ್ಯಾಟಿಯೋ ಮೇಲೇ ಹರವಿದಳು. ಒಣಗಿದ್ದು ಚೆನ್ನಾಗೇ ಒಣಗಿತು. ಗುಡಿಸೋಕೆ ಹೋದರೆ ಕಲ್ಲಿನ ಸಂದಿಗೊಂದು ಕಾಳು, ಗೀರಿಗೊಂದು ಕಾಳು, ಅಳೆದು ಹೊಲಿಸಿದ ಹಾಗೆ ಕೂತಿವೆ. ಪೊರಕೆಗೆ ಬಗ್ಗಲಿಲ್ಲ.

ಅವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಒಂದೊಂದೇ ಕಾಳು ಮೀಟುತ್ತಾ ಕೂತಿದ್ದಾಗ ಮಗನ ಸ್ನೇಹಿತನೊಬ್ಬ ಬಂದ. ನೆಲ ನೋಡಿ ಬೆರಗಾಗಿ, "ಯಾವ ಕಲ್ಲಜ್ಜಿ ಇದು?" ಎಂದ.

"ಮೆಣಸುಕಲ್ಲು ಕಣಪ್ಪ" ಎಂದಳು ಅವ್ವ, ತಲೆ ಎತ್ತದೆ. "ಕೂತ್ಕೋ. ಆ ಕಡೆಯಿಂದ ನೀನೂ ನಾಕು ತೆಗಿ."