ಐಸ್ ಕ್ಯಾಂಡಿಗೂ ಬೇಕು ಪಾನಕದ ಹದ

ಊರಿನ ಐಸ್ ಕ್ಯಾಂಡಿಯನ್ನು ನಾಲ್ಕು ಸಲ ಬಲವಾಗಿ ಚೀಪಿದರೆ ಬಣ್ಣವೂ ಸಿಹಿಯೂ ಬಾಯಿಗೆ ಬಂದುಬಿಡುತ್ತವೆ, ಕಡ್ಡಿಯಲ್ಲಿ ಉಳಿಯುವುದು ಬರೀ ಬಿಳಿ ಮಂಜುಗಡ್ಡೆ. ಇಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಹೊಸೆಯಲ್ಲಿ ಡಬ್ಬದ ಕಿತ್ತಳೆ ರಸವನ್ನು ಅಚ್ಚಿಗೆ ಸುರಿದು ಮನೆಯಲ್ಲಿ ಮಾಡುವ ಪಾಪ್ಸಿಕಲ್ ಹಣೆಬರಹವೂ ಅದೇ. ಆದರೆ ಇದೇ ಊರಿನ ಮೆಕ್ಸಿಕನ್ ಅಂಗಡಿಯ ಪಲೆಟಾ, ಅಂದರೆ ಅವರ ಐಸ್ ಕ್ಯಾಂಡಿ, ಮಾತ್ರ ಮೊದಲ ಕಚ್ಚಿಗೂ ಕೊನೆಯ ಕಚ್ಚಿಗೂ ಒಂದೇ ರುಚಿ. ಅವರ ಹತ್ತಿರ ಒಳ್ಳೆಯ ಯಂತ್ರ ಇರುತ್ತದೆ, ನಿಜ. ಆದರೆ ಗುಟ್ಟು ಪೂರ್ತಿ ಯಂತ್ರದಲ್ಲಿಲ್ಲ. ಸಕ್ಕರೆ, ಹುಳಿ, ತಿರುಳು ಇವುಗಳ ಹದದಲ್ಲಿದೆ. ಆ ಹದ ಪಾನಕ, ರಸಾಯನ ಮಾಡುವ ನಮ್ಮ ಮನೆಗಳಿಗೆ ಹೊಸದೇನಲ್ಲ. ಹೊರನಾಡಿಗೆ ಬಂದ ಮೇಲೆ ಅದನ್ನು ಬಿಟ್ಟು ಇಲ್ಲಿನ 'ಸಕ್ಕರೆ ಸೇರಿಸದ' ವಿಧಾನಕ್ಕೆ ಮರುಳಾಗುವುದು ನನಗೆ ಒಪ್ಪಿಗೆಯಿಲ್ಲ.

ಬಿಳಿ ಮಂಜು ಯಾಕೆ ಉಳಿಯುತ್ತದೆ ಎಂದರೆ, ರಸ ಹೆಪ್ಪುಗಟ್ಟುವಾಗ ಮೊದಲು ಗಟ್ಟಿಯಾಗುವುದು ಅದರಲ್ಲಿರುವ ಶುದ್ಧ ನೀರು. ಆ ನೀರಿನ ಹರಳು ಬೆಳೆಯುತ್ತಾ ಸಕ್ಕರೆ, ಬಣ್ಣ, ಹುಳಿ ಎಲ್ಲವನ್ನೂ ಪಕ್ಕಕ್ಕೆ ತಳ್ಳುತ್ತದೆ. ಅಚ್ಚಿನ ಗೋಡೆಯ ಕಡೆ ಮಂಜು, ಕಡ್ಡಿಯ ಕಡೆ ಸಿಹಿ ಪಾಕ ಸೇರಿಕೊಳ್ಳುತ್ತದೆ. ಹೆಪ್ಪುಗಟ್ಟುವುದು ನಿಧಾನವಾದಷ್ಟೂ ಹರಳು ದಪ್ಪ, ಪಾಕ ಸೋರಲು ದಾರಿ ಸಲೀಸು. ಇದನ್ನು ತಡೆಯಲು ಬೇಗ ಹೆಪ್ಪುಗಟ್ಟಿಸಬೇಕು, ಸಕ್ಕರೆ ಸರಿಯಾಗಿರಬೇಕು, ನೀರು ಸಲೀಸಾಗಿ ಓಡಾಡದಂತೆ ತಿರುಳೋ ಗಂಜಿಯೋ ಕೊಬ್ಬೋ ಇರಬೇಕು.

ಮೊದಲು ಸಕ್ಕರೆಯ ವಿಷಯ. ಮಿಶ್ರಣದ ಒಟ್ಟು ತೂಕದಲ್ಲಿ ಹಣ್ಣಿನದೂ ಹಾಕಿದ್ದೂ ಸೇರಿ ಶೇ. 18ರಿಂದ 22 ಸಕ್ಕರೆ ಇರಬೇಕು. 15ಕ್ಕಿಂತ ಕೆಳಗಿಳಿದರೆ ಹಲ್ಲು ಹಾಕಲಾಗದ ಕಲ್ಲು. 25 ದಾಟಿದರೆ ಮನೆಯ ಫ್ರೀಜರಿನಲ್ಲಿ ಸರಿಯಾಗಿ ಗಟ್ಟಿಯಾಗದೆ ಕಡ್ಡಿಯಿಂದ ಜಾರಿ ಬೀಳುತ್ತದೆ. ಡಬ್ಬದ ಕಿತ್ತಳೆ ರಸದಲ್ಲಿ ಇರುವುದು ಸುಮಾರು 9. ಅದು ಕಲ್ಲಾಗದೆ ಇನ್ನೇನಾದೀತು? ಜೊತೆಗೆ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಹಾಗಾಗಿ ಅಚ್ಚಿಗೆ ಹೊಯ್ಯುವ ಮುಂಚೆ ರುಚಿ ನೋಡಿದಾಗ 'ಸ್ವಲ್ಪ ಜಾಸ್ತಿಯಾಯಿತಲ್ಲ' ಅನ್ನಿಸಬೇಕು. ಕುಡಿಯುವ ಪಾನಕದ ಹದಕ್ಕಿಂತ ಸಿಹಿಯೂ ಒಂದು ಹೆಜ್ಜೆ ಮುಂದೆ, ಹುಳಿಯೂ ಒಂದು ಹೆಜ್ಜೆ ಮುಂದೆ. ಸಕ್ಕರೆ ಕಡಿಮೆ ತಿನ್ನಬೇಕೆಂದಿದ್ದರೆ ಕ್ಯಾಂಡಿಯ ಗಾತ್ರ ಚಿಕ್ಕದು ಮಾಡಿ, ಹದ ಕೆಡಿಸಬೇಡಿ. 80 ಮಿ.ಲೀ. ಬದಲು 50 ಮಿ.ಲೀ. ಅಚ್ಚು ಸಿಗುತ್ತದೆ.

ಅಂದಹಾಗೆ ಪಾಪ್ಸಿಕಲ್ ಎಂಬುದು ಹುಟ್ಟಿದ್ದೇ ಹಣ್ಣಿಲ್ಲದೆ. 1905ರಲ್ಲಿ ಇದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸೀಮೆಯಲ್ಲಿ 11 ವರ್ಷದ ಫ್ರಾಂಕ್ ಎಪರ್ಸನ್ ಸೋಡಾ ಪಾನೀಯದ ಪುಡಿ ಕದಡಿದ ಲೋಟವನ್ನು ಕಡ್ಡಿಯ ಸಮೇತ ಚಳಿಯಲ್ಲಿ ಹೊರಗೆ ಮರೆತನಂತೆ. 1924ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಬಣ್ಣದ ಸಿಹಿನೀರಿಗೆ ಕಡ್ಡಿ ಸಿಕ್ಕಿಸುವ ಆ ಪದ್ಧತಿಗೂ ನಮ್ಮೂರ ಕೆಂಪು, ಕೇಸರಿ ಐಸ್ ಕ್ಯಾಂಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ಹಣ್ಣನ್ನು ನೆಚ್ಚಿದವರು ಮೆಕ್ಸಿಕೋದವರು. ಮಿಚೋಅಕಾನ್ ರಾಜ್ಯದ ಟೊಕುಂಬೊ ಎಂಬ ಪುಟ್ಟ ಊರಿನವರು ದೇಶದ ತುಂಬ ಪಲೆಟಾ ಅಂಗಡಿ ಹಾಕಿದರು. ಆ ಊರಿನ ಪ್ರವೇಶದಲ್ಲಿ ದೊಡ್ಡ ಪಲೆಟಾ ಆಕಾರದ ಸ್ಮಾರಕವೇ ನಿಂತಿದೆ. ನೀರಿನ ಪಲೆಟಾ, ಹಾಲಿನ ಪಲೆಟಾ ಎಂದು ಎರಡು ಬಗೆ. ನೀರಿನದರಲ್ಲೂ ಹಣ್ಣು ಧಾರಾಳ, ಅದರಲ್ಲೂ ಕಚ್ಚಿಗೆ ಸಿಗುವ ಹೋಳುಗಳು.

ಮಾವಿನ ಲೆಕ್ಕ ಕೊಡುತ್ತೇನೆ, ಉಳಿದವನ್ನು ಇದರ ಮೇಲೆಯೇ ಹೊಂದಿಸಿಕೊಳ್ಳಬಹುದು. ಚೆನ್ನಾಗಿ ಮಾಗಿದ ಮಾವಿನ ತಿರುಳು 500 ಗ್ರಾಂ, ಸಕ್ಕರೆ 60 ಗ್ರಾಂ, ನೀರು 140 ಮಿ.ಲೀ., ನಿಂಬೆರಸ 20 ಮಿ.ಲೀ., ಎರಡು ಚಿಟಿಕೆ ಉಪ್ಪು. ಸಕ್ಕರೆಯನ್ನು ನೀರಿನಲ್ಲಿ ಬಿಸಿಮಾಡಿ ಕರಗಿಸಿ, ಪೂರ್ತಿ ಆರಿಸಿ, ಆಮೇಲೆ ತಿರುಳಿಗೆ ಬೆರೆಸಬೇಕು. ಹಸಿ ಸಕ್ಕರೆ ಹಾಕಿ ಮಿಕ್ಸಿ ತಿರುಗಿಸಿದರೆ ಕರಗದ ಕಾಳು ಅಚ್ಚಿನ ತಳಕ್ಕೆ ಇಳಿಯುತ್ತದೆ, ಆಗ ಕ್ಯಾಂಡಿಯ ತುದಿ ಮೆತ್ತಗೆ, ಕಡ್ಡಿಯ ಕಡೆ ಕಲ್ಲು. ಮಿಕ್ಸಿಯನ್ನು ಜೋರಾಗಿ ತಿರುಗಿಸಿದರೆ ನೊರೆ ಏಳುತ್ತದೆ. ಹತ್ತು ನಿಮಿಷ ಬಿಟ್ಟು ಮೇಲಿನ ನೊರೆ ತೆಗೆದು ಹೊಯ್ಯಿರಿ. ಇಷ್ಟರಲ್ಲಿ 80 ಮಿ.ಲೀ.ನ ಎಂಟು ಕ್ಯಾಂಡಿ ಆಗುತ್ತವೆ.

ಊರಿನಲ್ಲಾದರೆ ಬಾದಾಮಿಯೋ ರಸಪುರಿಯೋ ಸಿಗುತ್ತದೆ. ರಸಪುರಿಗೆ ರಸ ಜಾಸ್ತಿ, ಹಾಗಾಗಿ ನೀರನ್ನು 100ಕ್ಕೆ ಇಳಿಸಿ. ಇಲ್ಲಿ ಮೆಕ್ಸಿಕೋದಿಂದ ಬರುವ ಹಳದಿಯ, ಚಪ್ಪಟೆ ಆತಾಉಲ್ಫೊ ಮಾವು ತೆಗೆದುಕೊಳ್ಳಿ. ಸಿಪ್ಪೆ ಸುಕ್ಕುಗಟ್ಟುವ ತನಕ ಕಾಯಬೇಕು. ಕೆಂಪು ಕೆನ್ನೆಯ ಟಾಮಿ ಆಟ್ಕಿನ್ಸ್ ನೋಡಲು ಚಂದ, ಒಳಗೆಲ್ಲ ನಾರು. ಇಂಡಿಯನ್ ಅಂಗಡಿಯ 850 ಗ್ರಾಂ ಟಿನ್ನಿನ ಆಪೂಸ್ ತಿರುಳು ಬಳಸುವವರು ಚೀಟಿ ಓದಿಕೊಳ್ಳಬೇಕು. ಬಹಳಷ್ಟಕ್ಕೆ ಮೊದಲೇ ಸಕ್ಕರೆ ಬೆರೆಸಿರುತ್ತಾರೆ. ಅಂಥದ್ದಕ್ಕೆ ಸಕ್ಕರೆ ಬಿಟ್ಟು ನೀರು, ನಿಂಬೆರಸವಷ್ಟೇ ಸೇರಿಸಿ ರುಚಿ ನೋಡಿ ಮುಂದುವರಿಯಿರಿ. ಸಕ್ಕರೆ ಬೆರೆತ ಟಿನ್ನಿನ ತಿರುಳಿನಲ್ಲಿ ಹುಳಿ ಮಂದವಾಗಿ ತಿಳಿಯುತ್ತದೆ. ನಿಂಬೆರಸ 30 ಮಿ.ಲೀ. ಬೇಕೇ ಬೇಕು.

ಮೆಕ್ಸಿಕನ್ನರಂತೆ ಹೋಳು ಹಾಕುವುದಾದರೆ ಒಂದು ಎಚ್ಚರಿಕೆ. ಹಸಿ ಹೋಳಿನಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ. ಹೆಪ್ಪುಗಟ್ಟಿದಾಗ ಅದು ಸುತ್ತಲಿನ ರಸಕ್ಕಿಂತ ಗಟ್ಟಿಯಾಗಿ ಹಲ್ಲಿಗೆ ಬಡಿಯುತ್ತದೆ. 1 ಸೆಂ.ಮೀ.ಗಿಂತ ಚಿಕ್ಕದಾಗಿ ಹೆಚ್ಚಿ, ಒಂದು ಚಮಚ ಸಕ್ಕರೆ ಕಲಸಿ ಅರ್ಧ ಗಂಟೆ ಬಿಡಿ. ಸ್ಟ್ರಾಬೆರಿಗಂತೂ ಇದು ತಪ್ಪಿಸಲಾಗದ ಕೆಲಸ. ಅದರಲ್ಲಿ ಸಕ್ಕರೆ ಶೇ. 5ರ ಆಸುಪಾಸು ಮಾತ್ರ. 500 ಗ್ರಾಂ ಸ್ಟ್ರಾಬೆರಿಗೆ 110 ಗ್ರಾಂ ಸಕ್ಕರೆ ಹಿಡಿಯುತ್ತದೆ ಎಂದರೆ ಯಾರೂ ನಂಬುವುದಿಲ್ಲ, ಕಡಿಮೆ ಹಾಕಿ ಕಲ್ಲು ಮಾಡಿಕೊಳ್ಳುತ್ತಾರೆ. ಮಾವಿನ ಪಲೆಟಾದ ಮೇಲೆ ಮೆಕ್ಸಿಕನ್ನರು ಒಣಮೆಣಸಿನ ಪುಡಿ, ಉಪ್ಪು, ನಿಂಬೆಯ ಹುಳಿ ಉದುರಿಸಿಕೊಳ್ಳುತ್ತಾರೆ. ಮಾವಿನಕಾಯಿಗೆ ಉಪ್ಪುಖಾರ ಸವರಿ ತಿಂದ ನಾಲಿಗೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿನ ಪಾಕವಿಧಾನಗಳು ಮೆತ್ತಗಾಗಲಿ ಎಂದು ಕಾರ್ನ್ ಸಿರಪ್ ಹಾಕಲು ಹೇಳುತ್ತವೆ. ಅದೇ ಕೆಲಸವನ್ನು ಮಲೆನಾಡಿನ ಜೋನಿಬೆಲ್ಲ ಇನ್ನೂ ರುಚಿಯಾಗಿ ಮಾಡುತ್ತದೆ. ಜೋನಿಬೆಲ್ಲದಲ್ಲಿ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತದೆ, ಇವು ಅಷ್ಟೇ ತೂಕದ ಸಕ್ಕರೆಗಿಂತ ಹೆಪ್ಪುಗಟ್ಟುವುದನ್ನು ಹೆಚ್ಚು ತಡೆಯುತ್ತವೆ. ಒಟ್ಟು ಸಕ್ಕರೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಬದಲಿಸಬೇಡಿ, ಸೋರುತ್ತದೆ. ಬಾಳೆ, ಹಲಸು, ಕರಬೂಜಕ್ಕೆ ಹೊಂದುತ್ತದೆ. ಸ್ಟ್ರಾಬೆರಿಯ ಪರಿಮಳವನ್ನು ಮಾತ್ರ ನುಂಗಿಹಾಕುತ್ತದೆ.

ನನ್ನ ಮಟ್ಟಿಗೆ ಕರಾವಳಿಯ ಮಾವಿನ ರಸಾಯನ ಹಾಲಿನ ಪಲೆಟಾವನ್ನೂ ಮೀರಿಸುತ್ತದೆ. ಮಾವಿನ ತಿರುಳು 400 ಗ್ರಾಂ, ಗಟ್ಟಿ ತೆಂಗಿನಹಾಲು 250 ಮಿ.ಲೀ., ಬೆಲ್ಲ 90 ಗ್ರಾಂ, ಎರಡು ಏಲಕ್ಕಿ, ಚಿಟಿಕೆ ಉಪ್ಪು. ತೆಂಗಿನಹಾಲಿನ ಕೊಬ್ಬು ಹರಳನ್ನು ಸಣ್ಣದಾಗಿಯೇ ಉಳಿಸುತ್ತದೆ. ಡಬ್ಬದ ತೆಂಗಿನಹಾಲಾದರೆ 'ಲೈಟ್' ಎಂದು ಬರೆದದ್ದು ಬೇಡ. ಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿ ತಣ್ಣಗಾದ ಮೇಲೆಯೇ ಸೇರಿಸಿ. ಬಿಸಿ ಬೆಲ್ಲದ ನೀರು ಹಾಲಿಗೆ ಬಿದ್ದರೆ ಪಾಯಸ ಒಡೆದಂತೆ ಒಡೆಯುತ್ತದೆ.

ಪುನರ್ಪುಳಿಗೆ ತಿರುಳೇ ಇಲ್ಲ, ಅದೇ ಅದರ ತೊಡಕು. 30 ಗ್ರಾಂ ಒಣಸಿಪ್ಪೆಯನ್ನು 600 ಮಿ.ಲೀ. ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ ಕಿವುಚಿ ಸೋಸಿ, 150 ಗ್ರಾಂ ಸಕ್ಕರೆ, ಉಪ್ಪು, ಹುರಿದ ಜೀರಿಗೆಪುಡಿ ಸೇರಿಸಿದರೆ ರುಚಿಯೇನೋ ಸರಿ, ಚೀಪಿದರೆ ಮತ್ತದೇ ಬಿಳಿ ಮಂಜು. ಪರಿಹಾರ ಗಂಜಿ. ಆ 600 ಮಿ.ಲೀ.ನಲ್ಲೇ ಒಂದು ಕಪ್ ರಸ ಎತ್ತಿಟ್ಟು, ಅದಕ್ಕೆ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಕದಡಿ, ಪಾರದರ್ಶಕವಾಗುವ ತನಕ ಕುದಿಸಿ, ಆರಿಸಿ ಬೆರೆಸಿ. ಕಲ್ಲಂಗಡಿಗೂ ಇದೇ ಉಪಾಯ: 600 ಗ್ರಾಂ ರಸಕ್ಕೆ 90 ಗ್ರಾಂ ಸಕ್ಕರೆ, 25 ಮಿ.ಲೀ. ನಿಂಬೆರಸ, ಎರಡು ಟೀ ಚಮಚದ ಗಂಜಿ. ಗಂಜಿ ಅರೆಬೆಂದರೆ ಹಿಟ್ಟಿನ ವಾಸನೆ ಬರುತ್ತದೆ, ಹೆಚ್ಚಾದರೆ ಅಂಟು ನೆಕ್ಕಿದ ಹಾಗಿರುತ್ತದೆ. ಅನಾನಸನ್ನು ಹಸಿಯಾಗಿ ಹಾಲಿಗೆ ಹಾಕಬೇಡಿ, ಅದರ ಕಿಣ್ವ ಹಾಲನ್ನು ಕಹಿ ಮಾಡುತ್ತದೆ. ಗೊಜ್ಜಿಗೆ ಬೇಯಿಸುವಂತೆ ಐದಾರು ನಿಮಿಷ ಕುದಿಸಿಕೊಂಡರೆ ತಾಪತ್ರಯವಿಲ್ಲ.

ಫ್ರೀಜರಿನ ವಿಷಯದಲ್ಲಿ ಮಾತ್ರ ಅಮೆರಿಕದ ಮನೆಗಳೇ ಮುಂದು. ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಐದಾರು ಗಂಟೆಯಲ್ಲಿ ಕ್ಯಾಂಡಿ ಸಿದ್ಧ. ಊರಿನ ಒಂಟಿ ಬಾಗಿಲ ಫ್ರಿಜ್ಜಿನ ಪುಟ್ಟ ಫ್ರೀಜರಿನಲ್ಲಿ ರಾತ್ರಿಯಿಡೀ ಬೇಕು, ಮಧ್ಯೆ ಕರೆಂಟ್ ಹೋಗಿ ಬಂದರೆ ಕರಗಿದ್ದು ಮತ್ತೆ ಗಟ್ಟಿಯಾಗಿ ಹರಳು ಮರಳಿನಷ್ಟು ದಪ್ಪವಾಗುತ್ತದೆ. ಅಂಥವರು ಹಳೆಯ ಕಾರ್ಖಾನೆಯ ದಾರಿ ಹಿಡಿಯಬಹುದು. ಐಸ್ ಕ್ಯಾಂಡಿ ಕಾರ್ಖಾನೆಗಳಲ್ಲಿ ಅಚ್ಚುಗಳನ್ನು ಇಳಿಬಿಡುತ್ತಿದ್ದದ್ದು ಕೊರೆಯುವ ಉಪ್ಪುನೀರಿನ ತೊಟ್ಟಿಗೆ. ಮನೆಯಲ್ಲಿ 3 ಕೆ.ಜಿ. ಪುಡಿ ಮಾಡಿದ ಐಸಿಗೆ 1 ಕೆ.ಜಿ. ಕಲ್ಲುಪ್ಪು ಕಲಸಿದರೆ ಮೈನಸ್ 18ರ ಹತ್ತಿರಕ್ಕೆ ಇಳಿಯುತ್ತದೆ. ಅದರಲ್ಲಿ ತೆಳು ಸ್ಟೀಲ್ ಲೋಟ ಹುಗಿದು ಮೇಲೆ ಗೋಣಿ ಮುಚ್ಚಿ, ಒಂದೂವರೆ ಗಂಟೆಯ ಹೊತ್ತಿಗೆ ನೋಡಿ. ಉಪ್ಪುನೀರು ಲೋಟದ ಬಾಯಿಗಿಂತ ಎರಡು ಬೆರಳು ಕೆಳಗಿರಲಿ, ಒಂದು ಹನಿ ಒಳಗೆ ಬಿದ್ದರೂ ಕೆಟ್ಟಿತು. ಕುಲ್ಫಿಯ ಅಲ್ಯೂಮಿನಿಯಂ ಅಚ್ಚು ಹುಳಿ ಹಣ್ಣಿಗೆ ಬೇಡ, ಲೋಹದ ರುಚಿ ಹತ್ತುತ್ತದೆ. ಮಕ್ಕಳು ಪೆಪ್ಸಿ ಎಂದು ಕರೆಯುವ ಉದ್ದನೆಯ ಪ್ಲಾಸ್ಟಿಕ್ ಕೊಳವೆ ತೆಳುವಾಗಿರುವುದರಿಂದ ಬೇಗ ಹೆಪ್ಪುಗಟ್ಟುತ್ತದೆ, ಕಡ್ಡಿಯ ಗೋಜೂ ಇಲ್ಲ.

ನೀರು ಮಂಜಾದಾಗ ಸುಮಾರು ಶೇ. 9 ಹಿಗ್ಗುತ್ತದೆ. ಅಚ್ಚಿನ ಬಾಯಿಯಲ್ಲಿ ಅರ್ಧ ಸೆಂಟಿಮೀಟರ್ ಬಿಡಿ. ಮರದ ಕಡ್ಡಿ ತೇಲಿ ವಾಲುತ್ತದೆ. 45 ನಿಮಿಷದಿಂದ ಒಂದು ಗಂಟೆ ಬಿಟ್ಟು, ಮಿಶ್ರಣ ಇಡ್ಲಿಹಿಟ್ಟಿಗಿಂತ ಗಟ್ಟಿಯಾದಾಗ ಚುಚ್ಚಿದರೆ ನೆಟ್ಟಗೆ ನಿಲ್ಲುತ್ತದೆ. ತೆಗೆಯುವಾಗ ಅಚ್ಚನ್ನು ನಲ್ಲಿಯ ತಣ್ಣೀರಿನಲ್ಲಿ 15-20 ಸೆಕೆಂಡ್ ಅದ್ದಿ ಎಳೆಯಿರಿ. ಕಡ್ಡಿಯಷ್ಟೇ ಕೈಗೆ ಬಂದರೆ ಒಳಗಿನ್ನೂ ಹಸಿಯಿದೆ ಎಂದರ್ಥ, ಮತ್ತೆರಡು ಗಂಟೆ ಒಳಗಿಡಿ. ಬಿಸಿನೀರು ಬೇಡ, ಹೊರಮೈ ಕರಗಿ ಮತ್ತೆ ಗಟ್ಟಿಯಾದಾಗ ಅದರ ಮೇಲೆ ಸಪ್ಪೆ ಮಂಜಿನ ಪದರ ಕೂರುತ್ತದೆ. ಇಲ್ಲಿನ ಫ್ರೀಜರುಗಳು ಮಂಜು ಕೂರದಂತೆ ಆಗಾಗ ತಾವೇ ಬಿಸಿಯಾಗುತ್ತವೆ. ಅದಕ್ಕೇ ಒಂದೊಂದನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಚೀಲದ ಗಾಳಿ ತೆಗೆದು, ಬಾಗಿಲಿನಿಂದ ದೂರ ಹಿಂಬದಿಯಲ್ಲಿ ಇಡಿ. ಎರಡು ವಾರದೊಳಗೆ ಮುಗಿಸಿ. ಕೊಡುವ ಮುಂಚೆ ಎರಡು ನಿಮಿಷ ಹೊರಗಿಟ್ಟರೆ ತುಟಿಗೆ ಅಂಟುವುದಿಲ್ಲ, ಏಲಕ್ಕಿಯ ಘಮವೂ ಆಗಲೇ ಏಳುವುದು.