ಹುಲಿ ಕಥೆಲಿ ಜೊತೆಗಿದ್ದವನು

ಕಾದಂಬರಿಲಿ "ನಾನು" ಅಂತ ಶುರು ಮಾಡೋರ ಮೇಲೆ ನನಗೆ ಮೊದಲಿಂದಲೂ ಒಂದು ಸಣ್ಣ ಅನುಮಾನ. ಎಲ್ಲಾ ನಡೆದು ಮುಗಿದಮೇಲೆ ತಾನೇ ಈ ಮನುಷ್ಯ ಹೇಳೋಕೆ ಕೂತಿರೋದು, ಕೊನೆಗೆ ಏನಾಯ್ತು ಗೊತ್ತು, ಯಾರು ಕೈ ಕೊಟ್ರು ಯಾರು ಕೈ ಹಿಡಿದ್ರು ಗೊತ್ತು, ಆದ್ರೂ ಮೊದಲನೇ ಪುಟದಲ್ಲಿ ಏನೂ ಅರಿಯದ ಪಾಪದವನ ಮುಖ ಮಾಡ್ಕೊಂಡು ಬರ್ತಾನೆ. ಅಂದ್ರೆ ಅಲ್ಲಿರೋದು ಇಬ್ಬರು, ಅವತ್ತು ಅನುಭವಿಸಿದವನು ಒಬ್ಬ, ಇವತ್ತು ಹೇಳ್ತಿರೋನು ಒಬ್ಬ. ಆ ಇಬ್ಬರ ಮಧ್ಯೆ ಕಳೆದ ವರ್ಷಗಳಲ್ಲಿ ಏನಾಯ್ತು ಅನ್ನೋದೇ ನನಗೆ ಕಥೆಗಿಂತ ಹೆಚ್ಚು ಕುತೂಹಲ.

ಇದು ನನಗೆ ಹೊಳೆದಿದ್ದು ಪುಸ್ತಕ ಓದಿ ಅಲ್ಲ, ಅಡಿಕೆ ಸುಲಿಯೋ ಚಪ್ಪರದಲ್ಲಿ. ತೀರ್ಥಹಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಮರದಿಂದ ಅಡಿಕೆ ಕೊನೆ ಇಳಿಸೋಕೆ ಶುರುವಾದ್ರೆ ರಾತ್ರಿ ಹನ್ನೊಂದು ಹನ್ನೆರಡರ ತನಕ ಮೆಟ್ಟುಗತ್ತಿ ಮುಂದೆ ಕೂತವರ ಕೈ ಓಡ್ತಿರುತ್ತೆ, ನಿದ್ದೆ ಬರಬಾರದು ಅಂದ್ರೆ ಯಾರಾದ್ರೂ ಬಾಯಿ ಓಡಿಸಬೇಕು. ನಮ್ಮಲ್ಲಿ ಆ ಕೆಲಸ ಚಿಕ್ಕಜ್ಜಯ್ಯಂದು, ಅಂದ್ರೆ ಅಜ್ಜಯ್ಯನ ತಮ್ಮ. ಅವರ ಹತ್ರ ಇದ್ದಿದ್ದು ಒಂದೇ ಹುಲಿ ಕಥೆ, ಪ್ರತಿ ವರ್ಷ ಅದೇ ಹುಲಿ, ಅದೇ ಹಳ್ಳ, ಅದೇ ಸಂಜೆ. ದೊಡ್ಡವರು ಹೇಳೋ ಪ್ರಕಾರ ಮೊದಮೊದಲು ಕಥೆಲಿ ಒಂದು ತೋಟಾ ಕೋವಿನೂ ಇತ್ತಂತೆ, 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಮೇಲೆ ಮೆಲ್ಲಗೆ ಕೋವಿ ಹೋಗಿ ಅಲ್ಲಿಗೆ ಬಿದಿರು ದೊಣ್ಣೆ ಬಂತಂತೆ. ಅದನ್ನ ನಿರೂಪಕನ ಬೆಳವಣಿಗೆ ಅನ್ನೋಕಾಗಲ್ಲ, ಅದು ಫಾರೆಸ್ಟ್‌ನೋರ ಭಯ.

ಬೆಳವಣಿಗೆ ಬೇರೆ ಕಡೆ ಇತ್ತು. ನಾನು ಹುಡುಗ ಆಗಿದ್ದಾಗ ಆ ಕಥೆ ತುಂಬಾ ಚಿಕ್ಕಜ್ಜಯ್ಯ ಒಬ್ಬರೇ, ಅವರೇ ನೋಡಿದ್ದು, ಅವರೇ ಕೂಗಿದ್ದು, ಹುಲಿ ಅವರಿಗೇ ಹೆದರಿದ್ದು, "ಜೊತೆಗೊಬ್ಬ ಆಳು ಇದ್ದ" ಅಂತ ಒಂದು ಮಾತು ಬಂದು ಹೋಗ್ತಿತ್ತು ಅಷ್ಟೇ. ಆಮೇಲೆ ಒಂದು ವರ್ಷ ಆ ಆಳಿಗೆ ಹೆಸರು ಬಂತು. ಇನ್ನೊಂದು ವರ್ಷ ಅವನಿಗೆ ಹೆಂಡತಿ ಬಂದಳು, ಬಸುರಿ ಅಂತ ಗೊತ್ತಾಯ್ತು, ಅಂಥವನನ್ನ ಆ ಹೊತ್ತಲ್ಲಿ ಕಾಡಿಗೆ ಕರ್ಕೊಂಡು ಹೋಗಿದ್ದು ಯಾರು ಅನ್ನೋದೂ ಗೊತ್ತಾಯ್ತು. ಕೊನೆಕೊನೆಗೆ ಹಳ್ಳದ ಆಚೆ ನಿಂತು ಬಾಯಿ ಬಡ್ಕೊಂಡು ಹುಲಿನ ಆಚೆ ಓಡಿಸಿದ್ದೇ ಅವನು, ಚಿಕ್ಕಜ್ಜಯ್ಯ ಮರಕ್ಕೆ ಒರಗಿ ಕಣ್ಣು ಮುಚ್ಕೊಂಡಿದ್ದರು. ಸುಲಿಯೋಕೆ ಬರೋ ಹೆಂಗಸರು ಬಿಡ್ತಾರಾ, "ಅಯ್ಯಾ, ಹೋದ್ವರ್ಷ ನೀವು ಮರ ಹತ್ತಿದ್ರಿ" ಅಂತ ಒಬ್ಬಳು ತೆಗೆದಳು. "ಹೋದ್ವರ್ಷಕ್ಕಿಂತ ಈ ವರ್ಷ ಸರಿಯಾಗಿ ನೆನಪಾಗ್ತಿದೆ ಮಾರಾಯ್ತಿ, ನೀ ಸುಲಿ" ಅಂದ್ರು.

ಮರೆವಿನ ವಯಸ್ಸಲ್ಲಿ ನೆನಪು ಜಾಸ್ತಿ ಆಗೋದು ಹೇಗೆ? ನನ್ನ ಲೆಕ್ಕ ಇಷ್ಟೇ, ಹೇಳೋನು ಬೆಳೆದಿದ್ದಾನೆ ಅಂತ ಗೊತ್ತಾಗೋದು ಅವನು ತನ್ನ ಬಗ್ಗೆ ಏನಂದ ಅನ್ನೋದರಲ್ಲಿ ಅಲ್ಲ, ಪಕ್ಕದವನಿಗೆ ಎಷ್ಟು ಜಾಗ ಬಿಟ್ಟ ಅನ್ನೋದರಲ್ಲಿ.

ಈ ಲೆಕ್ಕ ಇಟ್ಕೊಂಡು ತೇಜಸ್ವಿಯವರ 'ಕರ್ವಾಲೋ' (1980) ಮತ್ತೆ ತೆಗೆದೆ. ಅಲ್ಲಿ ಕಥೆ ಹೇಳೋನು ಮೂಡಿಗೆರೆ ಕಡೆಯ ಒಬ್ಬ ರೈತ, ಬೇಸಾಯದ ತಾಪತ್ರಯದಲ್ಲಿ ಬೇಸತ್ತವನು, ಓದಿದವನು, ತಾನು ಬುದ್ಧಿವಂತ ಅನ್ನೋದರಲ್ಲಿ ಅವನಿಗೇನೂ ಡೌಟಿಲ್ಲ. ಶುರುವಲ್ಲಿ ಅವನ ಕಣ್ಣಿಗೆ ಮಂದಣ್ಣ ಅಂದ್ರೆ ಜೇನು ಹಿಡ್ಕೊಂಡು ಅಲೆಯೋ ಒಬ್ಬ ಕೆಲಸಕ್ಕೆ ಬಾರದವನು. ಆದ್ರೆ ಕರ್ವಾಲೋ ಅನ್ನೋ ವಿಜ್ಞಾನಿ ಅದೇ ಮಂದಣ್ಣನ ಮಾತನ್ನ ಮರ್ಯಾದೆ ಕೊಟ್ಟು ಕೇಳ್ತಾರೆ, ಅದು ಇವನಿಗೆ ತಲೆಗೇ ಹೋಗಲ್ಲ, ಒಂಥರಾ ಹೊಟ್ಟೆಕಿಚ್ಚೂ ಇರಬಹುದು ಅಂತ ನನಗೆ ಅನ್ಸುತ್ತೆ. ಪುಟ ಹೋದಹಾಗೆ ಮಂದಣ್ಣ ದೊಡ್ಡವನಾಗ್ತಾ ಹೋಗ್ತಾನೆ. ನಿಜ ನೋಡಿದ್ರೆ ಮಂದಣ್ಣ ಮೊದಲೂ ಅಷ್ಟೇ ಕೊನೆಗೂ ಅಷ್ಟೇ, ಬದಲಾಗಿದ್ದು ನೋಡೋನು. ಕೊನೆಗೆ ಅಷ್ಟು ಕಷ್ಟಪಟ್ಟು ಹುಡುಕಿದ ಹಾರುವ ಓತಿ ಕೈಗೆ ಸಿಗದೆ ತೇಲಿ ಹೋಗುತ್ತಲ್ಲ, ಆ ಹೊತ್ತಿಗೆ ಓತಿ ಸಿಗದಿದ್ರೂ ಪರವಾಗಿಲ್ಲ ಅನ್ನೋ ಮಟ್ಟಿಗೆ ಅವನ ಜೊತೆ ನಾವೂ ಬಂದಿರ್ತೀವಿ.

ಇಲ್ಲೊಂದು ತಮಾಷೆ ಇದೆ. ಪಕ್ಕೆಲುಬಿನ ಮೇಲಿನ ಚರ್ಮ ಬಿಚ್ಕೊಂಡು ಮರದಿಂದ ಮರಕ್ಕೆ ತೇಲೋ ಆ ಓತಿ ನಮ್ಮ ಅಡಿಕೆ ತೋಟಗಳಲ್ಲೇ ಇರುತ್ತೆ, ಇರುವೆ ತಿನ್ಕೊಂಡು, ಗಂಡಿನ ಗಂಟಲ ಕೆಳಗೆ ಹಳದಿ ಚೀಲ ಬೇರೆ. ಮರದ ಬಣ್ಣ ಅದರ ಬಣ್ಣ ಒಂದೇ ಆಗಿರೋದರಿಂದ ನಮ್ಮ ಮೂಗಿನ ಮುಂದೆ ಇದ್ರೂ ಕಾಣಲ್ಲ. ಕಾದಂಬರಿ ಓದಿದ ಮೇಲೆ ಅದನ್ನ ತೋಟದಲ್ಲಿ ನೋಡಿ ಕುಣಿದಾಡಿದವರು ನಮ್ಮೂರಲ್ಲೇ ಸುಮಾರು ಜನ ಇದಾರೆ. ಓದೋ ಮುಂಚೆ ಅವರಿಗೂ ಅದು ಬರೀ ಓತಿಕ್ಯಾತ.

ಬೇರೆ ದೇಶದ ಪುಸ್ತಕಗಳಲ್ಲೂ ನನ್ನ ಲೆಕ್ಕ ತಪ್ಪಲಿಲ್ಲ. ಡಿಕನ್ಸ್ 1861ರಲ್ಲಿ ಮುಗಿಸಿದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲಿ ಪಿಪ್ ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯ ಆಗ್ತಾನೆ, ಅವನನ್ನ ಸಾಕಿದ ಕಮ್ಮಾರ ಭಾವ ಜೋ ನೋಡೋಕೆ ಬಂದ್ರೆ ಇವನಿಗೆ ನಾಚಿಕೆ. ಜೋ ತನ್ನ ಹ್ಯಾಟನ್ನ ಎಲ್ಲಿಡಬೇಕು ಗೊತ್ತಾಗದೆ ಇಡ್ತಾನೆ, ಅದು ಬೀಳುತ್ತೆ, ಹಿಡೀತಾನೆ, ಮತ್ತೆ ಬೀಳುತ್ತೆ. ಅವತ್ತಿನ ಪಿಪ್‌ಗೆ ಅದು ಬರೀ ಕಿರಿಕಿರಿ, ಬೇಗ ಹೋದ್ರೆ ಸಾಕು ಅನ್ನೋ ಥರ. ಹೇಳ್ತಿರೋ ಪಿಪ್ ಮಾತ್ರ ಆ ಹ್ಯಾಟನ್ನ ಬಿಡೋದೇ ಇಲ್ಲ. ಯಾಕೆ ಬಿಡಲ್ಲ ಅಂತ ಓದೋರಿಗೆ ಗೊತ್ತಾಗುತ್ತೆ, ಅವನು ಕಣ್ಣೀರು ಹಾಕಿ ತೋರಿಸಬೇಕಾಗಿಲ್ಲ.

ಮಾರ್ಕ್ ಟ್ವೇನ್‌ನ ಹಕ್ ಫಿನ್ (1884) ಇನ್ನೂ ಒಂದು ಹೆಜ್ಜೆ ಮುಂದೆ, ಆ ಹುಡುಗನಿಗೆ ತಾನು ಬೆಳೆದಿದ್ದೇ ಗೊತ್ತಿಲ್ಲ. ಓಡಿಬಂದ ಗುಲಾಮ ಜಿಮ್ ಎಲ್ಲಿದಾನೆ ಅಂತ ಒಡತಿಗೆ ಕಾಗದ ಬರೀತಾನೆ, ಬರೆದು ಮನಸ್ಸು ಹಗುರ ಆಯ್ತು ಅನ್ಕೊಳ್ತಾನೆ, ಆಮೇಲೆ ತೆಪ್ಪದಲ್ಲಿ ಜಿಮ್ ತನಗೆ ನಿದ್ದೆ ಮಾಡೋಕೆ ಬಿಟ್ಟು ತಾನೇ ಪಾಳಿ ಕಾದಿದ್ದೆಲ್ಲ ನೆನಪಾಗಿ ಕಾಗದ ಹರಿದು ಹಾಕ್ತಾನೆ, ಸರಿ ನರಕಕ್ಕೇ ಹೋಗ್ತೀನಿ ಬಿಡು ಅಂತ. ತಾನು ಪಾಪ ಮಾಡ್ತಿದೀನಿ ಅಂತಲೇ ಅವನ ನಂಬಿಕೆ.

ಇದನ್ನ ಓದಿ ಬಂದು ದೀಪಾವಳಿ ವಿಶೇಷಾಂಕದ ಕಥೆಗಳನ್ನ ಓದಿದ್ರೆ ಸಿಟ್ಟು ಬರುತ್ತೆ. ಹತ್ತರಲ್ಲಿ ಆರು ಕಥೆಲಿ ಕೊನೆ ಪ್ಯಾರಾಕ್ಕೆ ಬಂದು "ಅಂದು ನನಗೆ ಬದುಕಿನ ಅರ್ಥ ತಿಳಿಯಿತು" ಅಂತ ಅನೌನ್ಸ್ ಮಾಡ್ತಾರೆ. ತಿಳಿದಿದ್ರೆ ಸಂತೋಷ ಮಾರಾಯ್ರೇ, ಆದ್ರೆ ಅದೇ ಕಥೆಲಿ ಮನೆಕೆಲಸದವಳಿಗೆ ಇನ್ನೂ ಒಂದು ಹೆಸರಿಲ್ಲ.

ನನ್ನ ಲೆಕ್ಕಕ್ಕೆ ಒಗ್ಗದವರೂ ಇದಾರೆ. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ ಎಲ್ಲಾ ಕಾಣೋದು ವೇದ ಕಲಿಯೋಕೆ ಬಂದ ಸಣ್ಣ ಹುಡುಗನ ಕಣ್ಣಲ್ಲಿ, ಅವನ ಲೋಕದ ತುಂಬಾ ಮೊದಲಿಂದಲೂ ಯಮುನಕ್ಕನೇ, ಜಾಗ ಹೊಸದಾಗಿ ಬಿಟ್ಟುಕೊಡಬೇಕಾಗೇ ಇಲ್ಲ. ಅವಳಿಗೆ ಏನಾಗ್ತಿದೆ ಅಂತ ನಮಗೆ ಅವನಿಗಿಂತ ಮೊದಲೇ ಗೊತ್ತಾಗಿಬಿಡುತ್ತೆ, ಆ ಮಗುಗೆ ಗೊತ್ತಾಗೋದು ಬೇಡಪ್ಪಾ ಅಂತ ನಾವೇ ಬೇಡ್ಕೊಳ್ತಾ ಓದ್ತೀವಿ. ಇನ್ನು ವಿವೇಕ ಶಾನಭಾಗರ 'ಘಾಚರ್ ಘೋಚರ್'ನ ನಿರೂಪಕ, ಕಾಫಿ ಹೌಸಲ್ಲಿ ಕೂತು ಮನೆಯವರನ್ನೆಲ್ಲ ಅಷ್ಟು ಚೆನ್ನಾಗಿ ನೋಡ್ತಾನೆ, ಎಲ್ಲರಿಗೂ ಬೇಕಾದಷ್ಟು ಜಾಗ ಕೊಡ್ತಾನೆ, ಆದ್ರೆ ಕುರ್ಚಿಯಿಂದ ಏಳಲ್ಲ. ನೋಡೋದು ಬೇರೆ, ಬೆಳೆಯೋದು ಬೇರೆ ಅನ್ನೋಕೆ ಅವನೊಬ್ಬ ಸಾಕು.

ಇದನ್ನೆಲ್ಲ ಶಿವಮೊಗ್ಗದಲ್ಲಿ ಗೋಪಿ ಸರ್ಕಲ್ ಹತ್ರ ಕಾಫಿ ಕುಡೀತಾ ಸ್ನೇಹಿತನಿಗೆ ಹೇಳಿದೆ. ಅವನು ಕಾಲೇಜಲ್ಲಿ ಕನ್ನಡ ಪಾಠ ಮಾಡೋನು, ಸುಮ್ಮನೆ ಒಪ್ಪೋ ಜಾತಿ ಅಲ್ಲ. "ಪಕ್ಕದವರಿಗೆ ಜಾಗ ಬಿಡೋದೇ ಬೆಳವಣಿಗೆ ಅಂದ್ರೆ ಪೂರ್ತಿ ಬೆಳೆದೋನು ಪೂರ್ತಿ ಮಾಯ ಆಗ್ಬೇಕಲ್ಲಾ? 'ಮಲೆಗಳಲ್ಲಿ ಮದುಮಗಳು' ನೋಡು, 'ನಾನು' ಅನ್ನೋನೇ ಇಲ್ಲ, ಹುಲಿಯ ಅನ್ನೋ ಗುತ್ತಿಯ ನಾಯಿಗೂ ಜಾಗ ಇದೆ" ಅಂದ. ಒಳ್ಳೆ ಪಾಯಿಂಟೇ. ಆದ್ರೆ ಅಲ್ಲಿ ಹೇಳ್ತಿರೋನು ಯಾವತ್ತೂ ಯಾರನ್ನೂ ಕೀಳಾಗಿ ನೋಡಿದವನಲ್ಲ, ಮೊದಲಿಂದಲೇ ದೊಡ್ಡೋನು, ಅವನನ್ನ ನೋಡಿ ಕೈ ಮುಗೀಬಹುದು ಅಷ್ಟೇ. ಮಂದಣ್ಣನನ್ನ ಒಮ್ಮೆ ದಡ್ಡ ಅನ್ಕೊಂಡವನೇ ಮಂದಣ್ಣನ ಕಥೆ ಹೇಳಬೇಕು, ಆಗಲೇ ನನ್ನಂಥವನಿಗೆ ಅದರಲ್ಲಿ ಹೋಗಿ ಕೂರೋಕೆ ಜಾಗ ಇರೋದು ಅಂದೆ. ಕರ್ವಾಲೋ ಇನ್ನೊಂದ್ಸಲ ಓದು, ಆಮೇಲೆ ಜಗಳ ಆಡೋಣ ಅಂತಲೂ ಅಂದೆ. ಓದ್ತೀನಿ, ಆದ್ರೆ ಮಂದಣ್ಣನ ಮದುವೆ ಭಾಗ ಮಾತ್ರ, ಬಿಲ್ ನೀ ಕೊಡು ಅಂದ.